ಇನ್ನೂರ ಹತ್ತನೇ ಎಣಿಕೆ

ಬಾಹ್ಯಾಕಾಶ ನಿಲ್ದಾಣದ ಆಸ್ಪತ್ರೆ
ಹದಿನೆಂಟನೇ ತಾರೀಖು, ಬೆಳಗ್ಗೆ

ಪ್ರೀತಿಯ ಅಕ್ಕನಿಗೆ ನಿನ್ನ ತಂಗಿಯ ನಮಸ್ಕಾರಗಳು.

ಈ ಸಲ ಕಾಗದ ಎಂಟು ದಿನ ತಡವಾಯಿತು. ಬೈಯಬೇಡ, ಪೂರ್ತಿ ಓದು. ಇವತ್ತು ಎದೆ ಹಗುರವಾಗಿದೆ, ಅದಕ್ಕೇ ಬರೆಯಲು ಕೂತೆ.

ಹೋದ ವಾರ ಇಲ್ಲಿಗೆ ಒಂದು ಸಣ್ಣ ಹಡಗನ್ನು ಎಳೆದು ತಂದರು. ಯಂತ್ರ ಕೆಟ್ಟು, ಒಳಗೆಲ್ಲ ಹಿಮಗಟ್ಟಿ, ಹನ್ನೊಂದು ದಿನ ನಕ್ಷತ್ರಗಳ ನಡುವೆ ಅಲೆದಿತ್ತಂತೆ. ಅದರಲ್ಲಿದ್ದವರು ಒಬ್ಬ ತಾಯಿ, ಒಬ್ಬ ಮಗಳು. ಮನುಷ್ಯರಲ್ಲ, ಮಂಜುಗಣ್ಣವರು. ಯುದ್ಧದ ಕಾಲದಲ್ಲಿ ಅವರ ಹೆಸರು ಹೇಳಿ ಹೆದರಿಸಿ ನನಗೆ ಊಟ ಮಾಡಿಸುತ್ತಿದ್ದೆಯಲ್ಲ, ಅವರೇ. ಹತ್ತಿರದಿಂದ ನೋಡಿದರೆ ನಮ್ಮ ಹಾಗೇ ಎರಡು ಕೈ, ಎರಡು ಕಾಲು, ಚಳಿಗೆ ಸೋರುವ ಮೂಗು. ಕೈಗೆ ಆರು ಬೆರಳು, ಕಣ್ಣಿಗೆ ಹಾಲುಬಣ್ಣದ ಇನ್ನೊಂದು ರೆಪ್ಪೆ. ಅಷ್ಟೇ ವ್ಯತ್ಯಾಸ ಅಂದುಕೊಂಡಿದ್ದೆವು.

ಮಗಳಿಗೆ ಜೀವವಿತ್ತು. ತಾಯಿಗೆ ನಾಡಿ ಸಿಗಲಿಲ್ಲ, ಉಸಿರು ಕಾಣಲಿಲ್ಲ, ಮೈ ಕಲ್ಲಿನಂತೆ ತಣ್ಣಗಿತ್ತು. ಡಾಕ್ಟರು ಸಾವಿನ ಪತ್ರಕ್ಕೆ ಸಹಿ ಹಾಕಿದರು. ಬೇರೆ ಲೋಕದವರ ಹೆಣವನ್ನು ಒಂದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವ ಹಾಗಿಲ್ಲ, ಸೋಂಕಿನ ಭಯ. ಮರುದಿನ ಮಧ್ಯಾಹ್ನ ಸುಡಲು ಕುಲುಮೆಗೆ ಕಳಿಸುವುದು ಅಂತಾಯಿತು.

ಮಗಳು ಅಳಲಿಲ್ಲ. ನಮ್ಮ ಭಾಷೆಯಲ್ಲಿ ಅವಳಿಗೆ ಬರುತ್ತಿದ್ದದ್ದು ನಾಲ್ಕೈದು ಮಾತು. "ಬೇಡ. ನಿಧಾನ. ಬೇಡ" ಅನ್ನುತ್ತ ತಾಯಿಯ ಕಾಲ ಬಳಿ ಕೂತೇ ಇದ್ದಳು. ದುಃಖಕ್ಕೆ ಏನೋ ಅನ್ನುತ್ತಿದ್ದಾಳೆ ಅಂತ ನಾವೆಲ್ಲ ತಲೆ ಸವರಿ ಬಂದೆವು. ದುಭಾಷಿ ಬರಲು ಇನ್ನೂ ತಡವಿತ್ತು.

ಮರುದಿನ ಮೈ ಒರೆಸುವ ಕೆಲಸ ನನ್ನ ಪಾಲಿಗೆ ಬಂತು. ಕಾಲು ಒರೆಸುತ್ತಿದ್ದಾಗ ಮಗಳು ನನ್ನ ಕೈ ಹಿಡಿದು ತಾಯಿಯ ಮಂಡಿಯ ಹಿಂದಿನ ಗುಳಿಯಲ್ಲಿ ಒತ್ತಿದಳು. ಬಿಡಿಸಿಕೊಳ್ಳಲು ನೋಡಿದೆ, ಬಿಡಲಿಲ್ಲ. "ನಿಧಾನ" ಅಂದಳು. ಬೇರೇನೂ ತೋಚದೆ ಮನಸ್ಸಲ್ಲೇ ಎಣಿಸತೊಡಗಿದೆ. ನೂರಾಯಿತು. ಇನ್ನೂರಾಯಿತು. ಕೈ ಜೋಮು ಹಿಡಿಯಿತು. ಇನ್ನೂರ ಹತ್ತಕ್ಕೆ ಬೆರಳಡಿ ಒಂದು ಸಲ ಮಿಡಿಯಿತು. ನನ್ನದೇ ನಾಡಿ ಇರಬೇಕು ಅಂತ ಮತ್ತೆ ಎಣಿಸಿದೆ. ಮತ್ತೆ ಇನ್ನೂರ ಹತ್ತಕ್ಕೇ ಮಿಡಿಯಿತು.

ಅಷ್ಟರಲ್ಲಿ ಕುಲುಮೆಯವರು ಗಾಡಿ ತಳ್ಳಿಕೊಂಡು ಬಂದರು, ಜೊತೆಗೆ ಮೇಲ್ವಿಚಾರಕ. ನಾನು ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ಕೂತುಬಿಟ್ಟೆ.

"ಸತ್ತಿದ್ದಾಳೆ ಅಂತ ಕಾಗದದಲ್ಲೇ ಇದೆ, ಏಳಮ್ಮ" ಅಂದ ಮೇಲ್ವಿಚಾರಕ.

"ಹಾಗಾದ್ರೆ ಕಾಗದ ತಗೊಂಡು ಹೋಗಿ ಸುಡಿ" ಅಂದೆ.

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ಕಾಣೆ. ಕೆಲಸ ಹೋಗುತ್ತದೆ ಅಂತ ಹೆದರಿಸಿದ. ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತೇ ಇದ್ದೆ.

ಗಲಾಟೆ ಕೇಳಿ ಡಾಕ್ಟರು ಬಂದರು. ಎಂಥ ಜಂಬದ ಮನುಷ್ಯ ಅವರು! ಅಂಥವರು ಮಂಡಿಯೂರಿ, ನಾನು ತೋರಿಸಿದಲ್ಲಿ ಕೈಯಿಟ್ಟರು. ಎರಡು ಮಿಡಿತ ಸಿಗುವವರೆಗೆ ಮೇಲೇಳಲಿಲ್ಲ. ಎದ್ದವರೇ ಪತ್ರ ಹರಿದು ಜೇಬಿಗೆ ತುರುಕಿ, "ಕಂಬಳಿ ತನ್ನಿ, ಇರೋವಷ್ಟೂ ತನ್ನಿ" ಅಂದರು.

ದಿನಾ ಸ್ವಲ್ಪ ಸ್ವಲ್ಪವೇ ಬೆಚ್ಚಗೆ ಮಾಡುತ್ತ ಹೋದೆವು. ಎಣಿಕೆ ನೂರೈವತ್ತಕ್ಕೆ ಇಳಿಯಿತು, ಆಮೇಲೆ ತೊಂಬತ್ತಕ್ಕೆ. ನಿನ್ನೆ ಬೆಳಗ್ಗೆ ಆ ಹಾಲುಬಣ್ಣದ ರೆಪ್ಪೆ ಸರಿಯಿತು. ತಾಯಿ ನಮ್ಮನ್ನೆಲ್ಲ ಒಂದು ಸುತ್ತು ನೋಡಿ ಏನೋ ಅಂದಳು. ಮಗಳು ನಕ್ಕಳು, ಆಮೇಲೆ ಮೊದಲ ಸಲ ಅತ್ತಳು. ಅಷ್ಟು ಹೊತ್ತಿಗೆ ದುಭಾಷಿ ಬಂದಾಗಿತ್ತು. "ಏಳು ಕಂಬಳಿ ಹೊದಿಸಿ ಬೇಯಿಸ್ತಾ ಇದ್ದೀರಾ, ಎರಡು ತೆಗೀರಿ ಅಂತಿದ್ದಾರೆ" ಅಂದ. ಡಾಕ್ಟರೇ ಮುಂದೆ ಬಂದು ಎರಡು ತೆಗೆದರು.

ತೀರಾ ಚಳಿಯಾದರೆ ಹೀಗೆ ಮೈ ಬಿಗಿದು ಮಲಗುವುದು ಅವರಲ್ಲಿ ವಯಸ್ಸಾದವರಿಗೆ ಮಾತ್ರ ಸಾಧ್ಯವಂತೆ. ಎಳೆಯರಿಗಾಗದು. ಅದಕ್ಕೇ ಇದ್ದ ಒಂದೇ ಬೆಚ್ಚನೆ ಉಡುಪನ್ನು ಮಗಳಿಗೆ ತೊಡಿಸಿ ತಾನು ಮಲಗಿಬಿಟ್ಟಿದ್ದಳು.

ನನ್ನ ಕೆಲಸ ಉಳಿದಿದೆ, ಚಿಂತೆ ಬೇಡ. ಎಷ್ಟೋ ದಿನದ ಮೇಲೆ ನಿನ್ನೆ ಹೊಟ್ಟೆ ತುಂಬ ಉಂಡೆ.

ನಿನ್ನ ಪ್ರೀತಿಯ
ಪುಟ್ಟಿ

ತಾ.ಕ.: ಮೇಲೆ ಒಂದು ಮಾತು ನುಂಗಿಕೊಂಡು ಬರೆದೆ ಅಕ್ಕ. ಮೊದಲ ದಿನ ಮಣಿಕಟ್ಟು ಹಿಡಿದು ನಾಡಿಯಿಲ್ಲ ಅಂದವಳು ನಾನೇ. ಡಾಕ್ಟರು ನನ್ನನ್ನು ನಂಬಿ ಸಹಿ ಹಾಕಿದ್ದು. ಅವರು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಇವತ್ತು ನಾನೇ ಹೋಗಿ ಆ ತಾಯಿಗೆ ಹೇಳಿಬಿಟ್ಟೆ. ಆಕೆ ಸಿಟ್ಟಾಗಲಿಲ್ಲ. ನನ್ನ ಮಣಿಕಟ್ಟನ್ನು ಆರೂ ಬೆರಳಲ್ಲಿ ಹಿಡಿದು ನಾಡಿ ನೋಡಿ, ಗಾಬರಿಯಿಂದ ದುಭಾಷಿಯನ್ನು ಕೇಳಿದಳು: ಈ ಹುಡುಗಿಯದು ಯಾಕೆ ಇಷ್ಟು ಓಡುತ್ತಿದೆ, ಇವಳನ್ನು ಯಾರಾದರೂ ನೋಡಿಕೊಳ್ಳುತ್ತಿದ್ದಾರಾ ಅಂತ.