ಜೋಳವಲ್ಲ, ಜಾಲಿ

ಔರಾದ, ೪ ಮಾರ್ಚ್ ೨೦೧೮

ಮಚ್ಛೇಂದ್ರ ಸರ್ ಅವರಿಗೆ ಭೀಮಬಾಯಿಯ ನಮಸ್ಕಾರ.

ಬರಗಾಲದ ವರ್ಷ ನಿಮ್ಮ ಉಪಗ್ರಹದ ಫೋಟೋದಲ್ಲಿ ನಮ್ಮೂರು ಹಸಿರಾಗಿ ಕಂಡಿತ್ತು. ಏನು ಬೆಳೆದಿದೆಯೆಂದು ನೋಡಿ ಬರೆಯಲು ನನ್ನನ್ನು ಕಳಿಸಿದಿರಿ. ಎಲ್ಲಾ ಮುಳ್ಳುಗಿಡವೇ ಇತ್ತು, ಚೀಟಿಯಲ್ಲಿ ‘ಜಾಲಿ’ ಎಂದು ಬರೆದೆ. “ಐದನೇತ್ತಾಕ ಸಾಲಿ ಬಿಟ್ಟಾಕಿ, ಜ್ವಾಳ ಅಂತ ಬರೀಲಾಕ ಬರಲ್ಲೇನವ್ವಾ?” ಎಂದು ನಕ್ಕು ‘ಜೋಳ’ ಎಂದು ತಿದ್ದಿದಿರಿ. ನಿಮಗೆ ಡಾಕ್ಟರೇಟ್ ಬಂತು. ಜೋಳ ಬೆಳೆದ ಊರೆಂದು ನಮ್ಮೂರು ಬರದ ಪಟ್ಟಿಯಿಂದ ಬಿಟ್ಟುಹೋಯಿತು. ನನ್ನ ತಮ್ಮ ಕುರಿ ಮಾರಿ ಕೂಲಿಗೆಂದು ಹೈದರಾಬಾದಿಗೆ ಹೋದ. ಊರವರು ನನ್ನನ್ನು ಇನ್ನೂ ‘ಜ್ವಾಳದ ಭೀಮಿ’ ಅನ್ನುತ್ತಾರೆ.

ಬುಧವಾರ ಬೀದರಿನಲ್ಲಿ ನಿಮಗೆ ಸನ್ಮಾನವಂತೆ. ಬರ್ತೇನಿ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಇಡಿಸಿರಿ. ಜಾಲಿ ಟೊಂಗೆ ತರುತ್ತೇನೆ; ಬಸ್ಸಿನಲ್ಲಿ ಯಾರಿಗಾದರೂ ಚುಚ್ಚೀತೆಂಬ ಅಂಜಿಕೆಗೆ ಚೀಲ ಸುತ್ತಿದ್ದೇನೆ. ನೀವು ತಿದ್ದಿದ ಚೀಟಿಯೂ ನನ್ನ ಹತ್ತಿರವೇ ಇದೆ. ಎಲ್ಲರ ಮುಂದೆ ಗಟ್ಟಿಯಾಗಿ ಓದಿರಿ. ಅಕ್ಷರ ತಿಳಿಯದಿದ್ದರೆ ಟೊಂಗೆ ಮುಟ್ಟಿ ನೋಡಿರಿ.

ನಿಮ್ಮ ಚೀಟಿ ಬರೆದಾಕೆ,
ಭೀಮಬಾಯಿ