ಕುರ್ಚಿ ಕಾಲುಚೀಲದ ಪ್ರಪೋಸಲ್

ಅಣ್ಣಾ,

ನೀನು ಏಳುವಷ್ಟರಲ್ಲಿ ನಾನು ಗ್ರಂಥಾಲಯದಲ್ಲಿರುತ್ತೇನೆ. ಕೂಗಾಡಬೇಡ, ಮೊದಲು ಪೂರ್ತಿ ಓದು.

ನಮ್ಮ ಕಂಪನಿಯ ಮೊಟ್ಟಮೊದಲ ಪ್ರಪೋಸಲ್ ನಿನ್ನೆ ಗ್ರಂಥಾಲಯಕ್ಕೆ ಕಳಿಸಿದೆವಲ್ಲ, ಅದರಲ್ಲಿ ದರದ ಜಾಗದಲ್ಲಿ 'ಅರ್ಧ ರಾಜ್ಯ' ಎಂದೇ ಉಳಿದುಬಿಟ್ಟಿದೆ. ನೀನು ದರ ಹೇಳುವವರೆಗೆ ಖಾಲಿ ಬಿಡುವುದೇಕೆ ಎಂದು ಅಜ್ಜಿಯ ಕಥೆಗಳಲ್ಲಿ ಕೊಡುವ ಬಹುಮಾನವನ್ನೇ ಬರೆದಿಟ್ಟಿದ್ದೆ. ನೀನೋ, 'ನಮ್ಮ ದೂರದೃಷ್ಟಿ' ಎಂಬ ಏಳು ಪುಟ ತಿದ್ದುವುದರಲ್ಲೇ ಮುಳುಗಿದ್ದೆ. ತಪ್ಪು ಇಬ್ಬರದೂ ಸಮಸಮ.

ಗ್ರಂಥಪಾಲಕಿ ಈಗಷ್ಟೇ ಫೋನ್ ಮಾಡಿದ್ದರು. "ಏನಮ್ಮಾ, ಅಷ್ಟೂ ಪುಟ ಓದಿದೆ. ನೀವು ಮಾರೋದೇನು ಅಂತಾನೇ ಗೊತ್ತಾಗ್ಲಿಲ್ಲ. ರಾಜ್ಯ ಕೇಳಿದ್ದು ಮಾತ್ರ ಚೆನ್ನಾಗಿ ಗೊತ್ತಾಯ್ತು" ಅಂದರು. ಹತ್ತು ಗಂಟೆಯೊಳಗೆ ಒಂದೇ ಪುಟದಲ್ಲಿ ಬರೆದು ತರಬೇಕಂತೆ. ಇಲ್ಲವಾದರೆ ಆರ್ಡರ್ ಬೇರೆಯವರ ಪಾಲು.

ಬರೆದಿದ್ದೇನೆ: "ನಿಮ್ಮ ಕುರ್ಚಿಗಳು ಎಳೆದಾಗಲೆಲ್ಲ ಕಿರುಚುತ್ತವೆ, ಓದುವವರು ಬೆಚ್ಚಿಬೀಳುತ್ತಾರೆ. ನಾವು ಅವುಗಳ ಕಾಲಿಗೆ ಉಣ್ಣೆಯ ಚೀಲ ತೊಡಿಸುತ್ತೇವೆ. ಒಂದು ಕೋಣೆಗೆ ಒಂದು ವಾರ ಪುಕ್ಕಟೆ ಹಾಕಿ ನೋಡಿ." ಅಷ್ಟೇ. ನಿನ್ನ ದೂರದೃಷ್ಟಿ ಫ್ರಿಜ್ ಮೇಲಿದೆ, ಜೋಪಾನ.

ಮಾದರಿಗೆಂದು ನಿನ್ನ ಕುರ್ಚಿಯ ಕಾಲುಚೀಲ ಬಿಚ್ಚಿಕೊಂಡಿದ್ದೇನೆ. ಎಳೆಯಬೇಡ, ಎತ್ತಿಡು. ಅಮ್ಮ ರಾತ್ರಿ ಪಾಳಿ ಮುಗಿಸಿ ಈಗ ತಾನೇ ಮಲಗಿದ್ದಾಳೆ. ಹಾಲು ಕಾಯಿಸಿಟ್ಟಿದ್ದೇನೆ. ಬೆಕ್ಕಿಗೂ ಸ್ವಲ್ಪ ಹಾಕು.

ದರದ ಜಾಗ ಈಗಲೂ ಖಾಲಿಯೇ. ಇದನ್ನು ಓದಿದ ತಕ್ಷಣ ಫೋನ್ ಮಾಡಿ ಹೇಳು. ನೀನು ಹೇಳದಿದ್ದರೆ ಅರ್ಧ ಗ್ರಂಥಾಲಯ ಕೇಳಿಬಿಡುತ್ತೇನೆ. ಅವರು ಒಪ್ಪಿಬಿಟ್ಟರೆ ಪುಸ್ತಕಗಳ ದೂಳು ಒರೆಸುವವನು ನೀನೇ.

ತಂಗಿ