ಕೈಯಲ್ಲೇ ಇಟ್ಟುಕೊಂಡ ತೀರ್ಪು

ಶುಕ್ರವಾರ, ಜೂನ್ ೧೪

ಎಲ್ವುಡ್ ಅವರಿಗೆ,

ಕರ್ತನ ಕೃಪೆ ನಿಮ್ಮ ಮೇಲಿರಲಿ. ಇವತ್ತು ನನ್ನ ಶುಕ್ರವಾರದ ಉಪವಾಸ. ಬೆಳಿಗ್ಗೆ ಎದ್ದು ತೊಟ್ಟಿಗಳಲ್ಲಿ ಚಿಪ್ಪು ಕಳಚಿದ್ದ ಏಡಿಗಳನ್ನು ಆರಿಸಿ, ಪೆಟ್ಟಿಗೆಗೆ ತುಂಬಿ, ದೋಣಿಗೆ ಹಾಕಿಸಿ ಬಂದೆ. ನೀವು ದ್ವೀಪ ಬಿಟ್ಟು ದಡದ ಊರು ಸೇರಿದ ಮೇಲೆ ಇದೇ ನನ್ನ ಮೊದಲ ಕಾಗದ. ಜಗಳಕ್ಕಲ್ಲ.

ನಮ್ಮ ಕೊರೀನ್ ಕುಡಿದು ಕಾರು ಓಡಿಸಿ ಪೊಲೀಸರಿಗೆ ಸಿಕ್ಕಿದ್ದು ನಿಮಗೆ ಗೊತ್ತು. ನಿನ್ನೆ ಕೋರ್ಟಿತ್ತು. ಅಪರಾಧಿ ಅಂತ ದಾಖಲಾದರೆ ಮಗಳಿಗೆ ನರ್ಸ್ ಲೈಸೆನ್ಸು ಸಿಗುವುದು ಕಷ್ಟ. ನಮ್ಮ ಮೇರಿಲ್ಯಾಂಡಿನಲ್ಲಿ ತೀರ್ಪಿಗೆ ಮುಂಚಿನ ಪ್ರೊಬೇಷನ್ ಅಂತ ಒಂದಿದೆಯಂತೆ. ಹತ್ತು ವರ್ಷದಲ್ಲಿ ಇಂಥ ಕೇಸಿಲ್ಲದವರು ಅರ್ಹರು ಅಂದರು ವಕೀಲರಮ್ಮ. ತಪ್ಪು ಒಪ್ಪಿಕೊಳ್ಳಬೇಕು, ಜಡ್ಜು ತೀರ್ಪನ್ನು ಬರೆಯದೆ ಕೈಯಲ್ಲೇ ಇಟ್ಟುಕೊಳ್ಳುತ್ತಾರೆ. ವರ್ಷವಿಡೀ ಹೇಳಿದಂತೆ ನಡೆದುಕೊಂಡರೆ ಅವಳು ಅಪರಾಧಿಯಲ್ಲ. ಇದ್ರಲ್ಲಿ ಸುಳ್ಳು ಹೇಳೋದೇನೂ ಇಲ್ಲ ತಾನೆ, ಹಾಗಾದ್ರೆ ಸರಿ ಅಂದೆ.

ಕೊರೀನ್ ಒಪ್ಪಿಕೊಂಡಳು. ಇವಳ ಪರ ಯಾರಾದ್ರೂ ಮಾತಾಡೋರಿದ್ದೀರಾ ಅಂತ ಜಡ್ಜು ಕೇಳಿದರು. ಎದ್ದೆ. ನನಗೆ ಚರ್ಚಿನಲ್ಲಿ ಬುಧವಾರದ ಸಾಕ್ಷಿಕೂಟದಲ್ಲಿ ಎದ್ದು ಇದ್ದದ್ದೆಲ್ಲ ಹೇಳಿ ಅಭ್ಯಾಸ. ಎದ್ದ ಮೇಲೆ ಅರ್ಧ ಹೇಳಿ ಕೂರಲು ಬರುವುದಿಲ್ಲ. ಇದು ಮೊದಲ ಸಲ ಅಲ್ಲ ಸ್ವಾಮಿ, ಹೋದ ಚಳಿಗಾಲ ಕುಡಿದು, ದ್ವೀಪದಲ್ಲಿ ನಾವು ಓಡಾಡೋ ಗಾಲ್ಫ್ ಗಾಡೀನ ಚರ್ಚಿನ ಬೇಲಿಗೆ ಗುದ್ದಿದ್ಲು ಅಂದುಬಿಟ್ಟೆ. ಜೊತೆಗೆ ಬಂದಿದ್ದ ನಮ್ಮ ಚರ್ಚಿನ ಹಲ್ಡಕ್ಕ ಹಿಂದಿನಿಂದ ಆಮೆನ್ ಅಂತ ಕೂಗಿದಳು! ವಕೀಲರಮ್ಮ ಹಣೆ ಹಿಡಿದುಕೊಂಡರು.

ಆ ಕೇಸು ಯಾವ ಕೋರ್ಟಲ್ಲಾಯ್ತು ಅಂದರು ಜಡ್ಜು. ದ್ವೀಪದಲ್ಲಿ ಪೊಲೀಸರೇ ಇಲ್ಲ, ಪಾಸ್ಟರು ಅವಳ ಕೈಲೇ ಬೇಲಿಗೆ ಬಣ್ಣ ಹೊಡೆಸಿದ್ರು ಅಂದೆ. ಹಾಗಾದ್ರೆ ಅದು ಪಾಸ್ಟರ ಪಾಲಿಂದು, ಅರ್ಹತೆಗೆ ಅಡ್ಡಿಯಿಲ್ಲ, ಆದ್ರೆ ಕೇಳಿದ್ದನ್ನ ನಾನು ಮರೆಯೋದೂ ಇಲ್ಲ ತಾಯಿ ಅಂದರು.

ಅದಕ್ಕೇ ಈ ಷರತ್ತು. ಕುಡಿತದ ತರಗತಿಗೆ ಅವಳು ಒಂದು ದಿನವೂ ತಪ್ಪಬಾರದು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದರೆ ನಮ್ಮ ದೋಣಿ ನಿಲ್ಲುತ್ತದಲ್ಲ, ಆದ್ದರಿಂದ ದಡದಲ್ಲೇ, ಮದ್ಯವಿಲ್ಲದ ಮನೆಯಲ್ಲಿ ಇರಬೇಕು. ಸೋಮವಾರ ಅಂಥ ವಿಳಾಸ ಕೊಟ್ಟರೆ ಪ್ರೊಬೇಷನ್, ಇಲ್ಲವಾದರೆ ತೀರ್ಪು.

ದಡದಲ್ಲಿ ನಮ್ಮವರು ಅಂತ ಇರುವುದು ನೀವೊಬ್ಬರೇ. ನಿಮ್ಮ ಫ್ರಿಜ್ಜಿನಲ್ಲಿ ಏನಿರುತ್ತದೆ ಅಂತ ನನಗೆ ಗೊತ್ತು. ಖಾಲಿ ಮಾಡುತ್ತೀರಾ? ನನಗಾಗಿ ಮಾಡದ್ದನ್ನು ಅವಳಿಗಾಗಿ ಮಾಡಿ. ಆಗದಿದ್ದರೆ ಆಗದು ಅಂತಲೇ ಬರೆಯಿರಿ. ಆಗುತ್ತದೆ ಅಂತ ಬರೆದು ಮೊದಲಿನ ಹಾಗೆ ಬಾಟಲಿಯನ್ನು ದೋಣಿಯ ಪೆಟ್ಟಿಗೆಯಲ್ಲಿ ಬಚ್ಚಿಡಬೇಡಿ.

ಇನ್ನೂ ನಿಮ್ಮ ಹೆಂಡತಿಯೇ ಆಗಿರುವ,
ಹೆಟ್ಟಿ

ತಾ.ಕ.: ಆವತ್ತು ಎಲ್ಲಿ ಕುಡಿದೆ ಅಂತಲೂ ಜಡ್ಜು ಕೇಳಿದರು. ಸ್ನೇಹಿತರ ಮನೆಯಲ್ಲಿ ಅಂದಳು ಕೊರೀನ್. ನಿಮ್ಮ ಹುಟ್ಟುಹಬ್ಬಕ್ಕೆ ನಿಮ್ಮ ಮನೆಯಲ್ಲಿ ನೀವೇ ಬಗ್ಗಿಸಿಕೊಟ್ಟಿದ್ದು ಅಂತ ನನಗೆ ಗೊತ್ತಿತ್ತು. ನಾನಿನ್ನೂ ನಿಂತೇ ಇದ್ದೆ, ಬಾಯಿಯೂ ತೆರೆದಿತ್ತು. ಅದನ್ನು ಹೇಳದೆಯೇ ಕೂತುಬಿಟ್ಟೆ. ಈ ವಾರದ ಉಪವಾಸ ಅದಕ್ಕೆ. ನಾಳೆ ಟಪಾಲು ದೋಣಿಯ ಕ್ಯಾಪ್ಟನ್ ಡೊರ್ಸಿ ಈ ಕಾಗದ ಹಿಡಿದು ನಿಮ್ಮ ಬಾಗಿಲಿಗೆ ಬರುತ್ತಾರೆ. ನಿಂತು ಉತ್ತರ ಇಸ್ಕೊಂಡೇ ಬಾರಪ್ಪ ಅಂತ ಬೇಡಿಕೊಂಡಿದ್ದೇನೆ, ಅವರ ಕೈಗೇ ಕೊಡಿ.